ಒಲವೇ ವೃತ್ತಿಯಾದಾಗ

ಶ್ರಾವಕರ ಮನೆಗಳಲ್ಲಿ ಮಕ್ಕಳ ಮುಂದಿನ ಬದುಕಿನ ವಿಚಾರ ಬಹುಕಾಲ ನಾಲ್ಕಾರು ದಾರಿಗಳಲ್ಲಿಯೇ ನಡೆದುಬಂದಿತು. ಹಳಿಯಾಳ, ಮುಂಡಗೋಡಗಳಲ್ಲಿ ಹೊಲ ಮತ್ತು ಅಂಗಡಿ. ದಾಂಡೇಲಿಯಲ್ಲಿ 1955ರಲ್ಲಿ ಸ್ಥಾಪನೆಗೊಂಡ ವೆಸ್ಟ್ ಕೋಸ್ಟ್ ಕಾಗದ ಕಾರ್ಖಾನೆಯ ನೌಕರಿ. ಜೋಯಿಡಾದಲ್ಲಿ ಸರ್ಕಾರಿ ಕೆಲಸ ಇಲ್ಲವೆ ಶಿಕ್ಷಕ ವೃತ್ತಿ. ಇಂದಿನ ಮಗ ಅಥವಾ ಮಗಳು ತಂದೆತಾಯಿಗಳ ಮುಂದೆ ಇಡುತ್ತಿರುವ ಪ್ರಶ್ನೆ ಬೇರೆಯದು. "ಈ ಆಟವೆಂದರೆ ನನಗೆ ಪ್ರಾಣ. ಇದರಿಂದಲೇ ಬದುಕಬಾರದೇಕೆ?" ಎಂದು ಮಕ್ಕಳು ಕೇಳಿದಾಗ ಹಿರಿಯರು ಸಾಮಾನ್ಯವಾಗಿ ಎರಡರಲ್ಲಿ ಒಂದು ಉತ್ತರವನ್ನು ಕೊಡುತ್ತಾರೆ. ಆಟ ಹೊಟ್ಟೆ ತುಂಬಿಸುವುದಿಲ್ಲ ಎಂಬುದು ಹಳೆಯ ಉತ್ತರ. ಮನಸ್ಸಿಗೆ ಹಿಡಿಸಿದ್ದನ್ನೇ ಮಾಡು, ಅದೇ ನಿನ್ನ ಧರ್ಮ ಎಂಬುದು ಹೊಸ ಉತ್ತರ. ಮೊದಲನೆಯದು ಲಾಭನಷ್ಟದ ಲೆಕ್ಕ. ಎರಡನೆಯದು ಇಚ್ಛೆಗೆ ಹಾಕಿದ ಹಾರ. ಇವೆರಡರಲ್ಲಿ ಯಾವುದೂ ಧರ್ಮದ ಉತ್ತರವಲ್ಲ.

ಧರ್ಮದೃಷ್ಟಿಯಿಂದ ಕೇಳಬೇಕಾದ ಪ್ರಶ್ನೆ ಬೇರೆ. ರಾಗದಿಂದ ಹುಟ್ಟಿದ ಒಂದು ಚಟುವಟಿಕೆ ಜೀವನೋಪಾಯವಾಗಿ ಬದಲಾದಾಗ ಆತ್ಮಕ್ಕೆ ಏನಾಗುತ್ತದೆ? ಅದು ಬಂಧವನ್ನು ಹೆಚ್ಚಿಸುತ್ತದೆಯೇ, ಇಲ್ಲವೆ ಹದವರಿತು ನಡೆದರೆ ಕಷಾಯಗಳನ್ನು ತಗ್ಗಿಸುವ ಸಾಧನವೂ ಆಗಬಲ್ಲುದೇ?

ಆದಿನಾಥ ಸ್ವಾಮಿಯು ಕರ್ಮಭೂಮಿಯ ಆರಂಭದಲ್ಲಿ ಪ್ರಜೆಗಳಿಗೆ ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪ ಎಂಬ ಆರು ಕರ್ಮಗಳನ್ನು ಬೋಧಿಸಿದನೆಂಬುದು ಓದುಗರೆಲ್ಲರಿಗೂ ವಿದಿತವಾದ ಸಂಗತಿ. ಇವುಗಳಲ್ಲಿ ಕ್ರೀಡೆಯ ಹೆಸರಿಲ್ಲ. ಆದರೆ ಎಪ್ಪತ್ತೆರಡು ಕಲೆಗಳ ನೈಪುಣ್ಯವನ್ನು ವಿದ್ಯಾಕರ್ಮದಲ್ಲಿ ಸೇರಿಸುವ ವ್ಯಾಖ್ಯಾನ ಪರಂಪರೆಯೂ ನಮ್ಮಲ್ಲಿದೆ. ದೇಹದ ಪರಿಣತಿಯನ್ನು ಆ ಸಾಲಿನಲ್ಲಿಟ್ಟು ನೋಡಲು ಅಡ್ಡಿಯಿಲ್ಲ. ಇಲ್ಲೊಂದು ಕುತೂಹಲದ ಸಂಗತಿಯಿದೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡದ ಐದು ಬಗೆಗಳನ್ನು ಹೇಳುವಾಗ ಪ್ರಮಾದಚರ್ಯೆಯನ್ನೂ ಎಣಿಸುತ್ತಾರೆ. ಪ್ರಯೋಜನವಿಲ್ಲದೆ ನೆಲ ಅಗೆಯುವುದು, ನೀರು ಚೆಲ್ಲುವುದು, ಗಿಡ ಕಡಿಯುವುದು, ಸುಮ್ಮನೆ ಅಲೆಯುವುದು ಇವೆಲ್ಲ ಅದರಲ್ಲಿ ಬರುತ್ತವೆ. ಹಾಗಾದರೆ ಬರಿಯ ಮನರಂಜನೆಗಾಗಿ ಆಡುವ ಆಟವು ಅನರ್ಥದ ಗಡಿಯ ಸಮೀಪ ನಿಲ್ಲುತ್ತದೆ. ಅದೇ ಆಟವು ಕುಟುಂಬದ ಅನ್ನಕ್ಕೆ ಆಧಾರವಾದಾಗ ಅದಕ್ಕೊಂದು ಪ್ರಯೋಜನ ಬರುತ್ತದೆ. ಅದರಲ್ಲಿ ಆಗುವ ಅನಿವಾರ್ಯ ಹಿಂಸೆಯು ಸಂಕಲ್ಪೀ ಹಿಂಸೆಯಾಗದೆ ಉದ್ಯೋಗೀ ಹಿಂಸೆಯ ಕಕ್ಷೆಗೆ ಸೇರುತ್ತದೆ. ಆದರೆ ಅದೇ ಗಳಿಗೆಯಲ್ಲಿ ಇನ್ನೊಂದು ಬಾಗಿಲಿನಿಂದ ಲೋಭವೂ ಮಾನವೂ ಒಳಗೆ ಬರುತ್ತವೆ. ವೃತ್ತಿಯಾಗುವುದರಿಂದ ಆಟವು ಒಂದು ದೋಷದಿಂದ ಬಿಡುಗಡೆ ಹೊಂದಿ ಮತ್ತೊಂದು ದೋಷಕ್ಕೆ ತೆರೆದುಕೊಳ್ಳುತ್ತದೆ. ಇದೇ ಈ ವಿಚಾರದ ತಿರುಳು.

ಈ ಮಾತಿಗೆ ಗಾಲ್ಫ್ ಆಟವು ಒಳ್ಳೆಯ ನಿದರ್ಶನ. ಬೆಂಗಳೂರು ಗಾಲ್ಫ್ ಕ್ಲಬ್ ಹುಟ್ಟಿದ್ದು 1876ರಲ್ಲಿ. ಬಹುಕಾಲ ಅದು ಅಧಿಕಾರಿಗಳ ಮತ್ತು ಸಿರಿವಂತರ ಆಟವೆಂದೇ ಹೆಸರಾಗಿತ್ತು. ಬೆಂಗಳೂರಿನಲ್ಲಿ 1998ರಲ್ಲಿ ಜನಿಸಿದ ಅದಿತಿ ಅಶೋಕ್ ಐದಾರು ವರ್ಷದ ಬಾಲೆಯಾಗಿದ್ದಾಗ ಆ ಆಟಕ್ಕೆ ಮನಸೋತು, 2016ರಲ್ಲಿ ವೃತ್ತಿಪರ ಆಟಗಾರ್ತಿಯಾದರು. ರಿಯೋ ಒಲಿಂಪಿಕ್ಸಿನಲ್ಲಿ ತಂದೆಯೂ, 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸಿನಲ್ಲಿ ತಾಯಿಯೂ ಆಕೆಯ ಆಟದ ಚೀಲವನ್ನು ಹೊತ್ತು ಜೊತೆಗೆ ನಡೆದರು. ಟೋಕಿಯೋದಲ್ಲಿ ಒಂದೇ ಒಂದು ಹೊಡೆತದ ಅಂತರದಿಂದ ಕಂಚಿನ ಪದಕ ತಪ್ಪಿ ಆಕೆ ನಾಲ್ಕನೆಯ ಸ್ಥಾನದಲ್ಲಿ ನಿಂತರು. ಬಿಡದಿಯ ಗಾಲ್ಫ್ ಮೈದಾನದ ಪಕ್ಕದ ಹಳ್ಳಿಯ ಸಾಮಾನ್ಯ ಕುಟುಂಬದಿಂದ ಬಂದ ಚಿಕ್ಕರಂಗಪ್ಪನವರೂ ಅದೇ ಆಟದಿಂದ ಬದುಕು ಕಟ್ಟಿಕೊಂಡರು. ಬೇಲಿಯಾಚೆ ನಿಂತು ನೋಡಿದ ಆಟವೇ ಹಳ್ಳಿಯ ಹುಡುಗನಿಗೆ ವೃತ್ತಿಯಾಗಬಲ್ಲುದೆಂಬುದಕ್ಕೆ ಅವರ ಬಾಳು ಸಾಕ್ಷಿ.

ಈ ಆಟದ ಒಂದು ಗುಣ ಶ್ರಾವಕರ ಗಮನಕ್ಕೆ ಅರ್ಹವಾಗಿದೆ. ಇಲ್ಲಿ ಪ್ರತಿ ಆಟಗಾರನ ಹಿಂದೆ ತೀರ್ಪುಗಾರನಿರುವುದಿಲ್ಲ. ನಿಯಮ ಮೀರಿದರೆ ಅದನ್ನು ತಾನೇ ಹೇಳಿ ದಂಡವನ್ನು ತಾನೇ ವಿಧಿಸಿಕೊಳ್ಳುವ ಹೊಣೆ ಆಟಗಾರನದು. 1925ರ ಅಮೆರಿಕನ್ ಓಪನ್ ಪಂದ್ಯದಲ್ಲಿ ಬಾಬಿ ಜೋನ್ಸ್ ಎಂಬ ಆಟಗಾರನು ಹುಲ್ಲಿನಲ್ಲಿದ್ದ ಚೆಂಡಿಗೆ ಗುರಿಯಿಡುತ್ತಿದ್ದಾಗ ಅದು ತುಸು ಅಲುಗಿತು. ಬೇರೆ ಯಾರೂ ಅದನ್ನು ಕಂಡಿರಲಿಲ್ಲ. ಜೋನ್ಸ್ ತಾನಾಗಿ ಒಂದು ಹೊಡೆತದ ದಂಡವನ್ನು ತನ್ನ ಲೆಕ್ಕಕ್ಕೆ ಬರೆಸಿಕೊಂಡನು. ಪಂದ್ಯ ಮುಗಿದಾಗ ಇಬ್ಬರು ಸಮಬಲರಾಗಿ, ಮರುಪಂದ್ಯದಲ್ಲಿ ಅವನು ಸೋತನು. ಆ ಒಂದು ಹೊಡೆತವನ್ನು ಮುಚ್ಚಿಟ್ಟಿದ್ದರೆ ಗೆಲುವು ಅವನದೇ ಆಗುತ್ತಿತ್ತು. ಆಲೋಚನೆ, ಪ್ರತಿಕ್ರಮಣಗಳ ಹೆಸರನ್ನೂ ಕೇಳದ ದೇಶದಲ್ಲಿ, ಯಾರೂ ಕಾಣದ ದೋಷವನ್ನು ತಾನೇ ಒಪ್ಪಿಕೊಂಡ ಈ ನಡೆ ಸತ್ಯಾಣುವ್ರತದ ಪಾಠದಂತಿದೆ.

ಜೋನ್ಸ್ ವೃತ್ತಿಯಿಂದ ವಕೀಲ. ಆಟವಾಡುತ್ತಿದ್ದ ವರ್ಷಗಳಲ್ಲಿ ಬಹುಮಾನದ ಹಣವನ್ನು ಮುಟ್ಟಲಿಲ್ಲ. 1930ರಲ್ಲಿ ಅಂದಿನ ನಾಲ್ಕು ಮಹಾಪಂದ್ಯಗಳನ್ನೂ ಗೆದ್ದು, ಇಪ್ಪತ್ತೆಂಟನೆಯ ವಯಸ್ಸಿಗೆ ಸ್ಪರ್ಧೆಯಿಂದ ಹಿಂದೆ ಸರಿದನು. ಇದನ್ನು ಕೇಳಿದವರು ಒಲವನ್ನು ಹಣಕ್ಕೆ ಮಾರದಿರುವುದೇ ಶ್ರೇಷ್ಠ ಮಾರ್ಗವೆಂದು ತೀರ್ಮಾನಿಸಬಹುದು. ಆದರೆ ಆ ತೀರ್ಮಾನವು ಅವಸರದ್ದು. ಜೋನ್ಸ್‌ಗೆ ವಕೀಲಿಯಿತ್ತು, ಅನುಕೂಲವಂತ ಕುಟುಂಬವಿತ್ತು. ಹಣ ಮುಟ್ಟದೆ ಆಡುವುದು ಉಣ್ಣಲು ಬೇರೆ ದಾರಿಯಿರುವವನಿಗೆ ಮಾತ್ರ ಸುಲಭ. 1912ರ ಒಲಿಂಪಿಕ್ಸಿನಲ್ಲಿ ಎರಡು ಚಿನ್ನ ಗೆದ್ದ ಅಮೆರಿಕದ ಮೂಲನಿವಾಸಿ ಜಿಮ್ ಥಾರ್ಪ್, ಅದಕ್ಕೂ ಮೊದಲು ಬೇಸ್‌ಬಾಲ್ ಆಟಕ್ಕೆ ಅಲ್ಪ ಸಂಬಳ ಪಡೆದಿದ್ದನೆಂಬ ಕಾರಣಕ್ಕೆ ಮರುವರ್ಷ ಪದಕಗಳನ್ನು ಕಳೆದುಕೊಂಡನು. ಅವನನ್ನು ಏಕೈಕ ವಿಜೇತನೆಂದು ಪೂರ್ಣವಾಗಿ ಒಪ್ಪಿಕೊಂಡದ್ದು 2022ರಲ್ಲಿ, ಅವನು ತೀರಿಕೊಂಡು ಎಷ್ಟೋ ದಶಕಗಳಾದ ಮೇಲೆ. ಆದ್ದರಿಂದ ಆಟದಿಂದ ಅನ್ನ ಗಳಿಸುವುದು ಕೀಳು, ಗಳಿಸದಿರುವುದು ಮೇಲು ಎಂಬ ಭೇದ ನಿಲ್ಲುವುದಿಲ್ಲ. ಅದು ಎಷ್ಟೋ ಸಲ ಉಳ್ಳವರ ಮಾನಕಷಾಯವೇ ಆಗಿರುತ್ತದೆ.

ಗಾಲ್ಫ್ ದೂರದ ನಗರದ ಆಟವಾಯಿತು. ಉತ್ತರ ಕನ್ನಡದ ಈ ನಾಲ್ಕು ತಾಲ್ಲೂಕುಗಳ ಮಣ್ಣಿನಲ್ಲಿ ಬೆಳೆದ ಒಲವುಗಳು ಬೇರೆ. ಹಳಿಯಾಳ ಕುಸ್ತಿಗೆ ಹೆಸರಾದ ಊರು. ತಾಲೀಮಿನ ಕೆಮ್ಮಣ್ಣಿನಲ್ಲಿ ಪಟ್ಟು ಕಲಿತ ಹುಡುಗರು, ಈಚೆಗೆ ಹುಡುಗಿಯರೂ, ಮ್ಯಾಟಿನ ಮೇಲಿನ ಪಂದ್ಯಗಳಿಗೆ ಹೋಗುತ್ತಾರೆ. ಕ್ರೀಡಾ ಇಲಾಖೆಯ ಕುಸ್ತಿ ವಸತಿ ನಿಲಯವೂ ಅಲ್ಲಿದೆ. ಜೈನ ಕುಟುಂಬದ ಬಾಲಕನೊಬ್ಬನು ಕುಸ್ತಿಯನ್ನೇ ಬಾಳಿನ ದಾರಿಯಾಗಿ ಮಾಡಿಕೊಳ್ಳುತ್ತೇನೆಂದರೆ ಅಹಿಂಸೆಯನ್ನು ಪರಮಧರ್ಮವೆನ್ನುವ ಸಮಾಜ ಏನು ಹೇಳಬೇಕು?

ಭರತ ಬಾಹುಬಲಿಗಳ ಕಥೆಯೇ ಇಲ್ಲಿ ದಾರಿ ತೋರುತ್ತದೆ. ಎರಡು ಸೇನೆಗಳು ಎದುರುಬದುರಾಗಿ ನಿಂತಾಗ ಅಸಂಖ್ಯ ಜೀವಗಳ ಹಾನಿಯನ್ನು ತಪ್ಪಿಸಲು ಮಂತ್ರಿಗಳು ಸೂಚಿಸಿದ್ದು ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳನ್ನು. ಅಂದರೆ ಮಲ್ಲಯುದ್ಧವು ನಮ್ಮ ಪುರಾಣದಲ್ಲಿ ಹಿಂಸೆಯ ರೂಪವಾಗಿ ಅಲ್ಲ, ಹಿಂಸೆಯನ್ನು ತಡೆಯುವ ಕಟ್ಟೆಯಾಗಿ ಬಂದಿದೆ. ಎದುರಾಳಿಯ ಪ್ರಾಣಕ್ಕೆ ಕುತ್ತು ಬಾರದಂತೆ, ನಿಯಮದೊಳಗೆ ಬಲವನ್ನು ಅಳೆಯುವುದೇ ಅದರ ಮರ್ಮ. ಆದರೆ ಕಥೆ ಅಲ್ಲಿಗೆ ನಿಲ್ಲುವುದಿಲ್ಲ. ಮೂರರಲ್ಲಿಯೂ ಗೆದ್ದ ಬಾಹುಬಲಿ ಅಣ್ಣನನ್ನು ಎತ್ತಿ ಹಿಡಿದ ಗಳಿಗೆಯಲ್ಲಿಯೇ ಗೆಲುವಿನ ನಿಸ್ಸಾರತೆಯನ್ನು ಕಂಡನು. ರಾಜ್ಯವನ್ನು ತೊರೆದು ತಪಸ್ಸಿಗೆ ನಿಂತ ಮೇಲೂ, ಬಳ್ಳಿಗಳು ಮೈಯನ್ನು ಹಬ್ಬಿದರೂ, ಮನದಲ್ಲಿ ಉಳಿದ ಒಂದು ಶಲ್ಯವು ಕೇವಲಜ್ಞಾನವನ್ನು ತಡೆದಿತ್ತು. ಸೋತ ಭರತನು ಬಂದು ವಂದಿಸಿದಾಗ ಅದು ಕಳಚಿತು. ಗೆಲ್ಲುವುದು ದೋಷವಲ್ಲ, ಗೆಲುವನ್ನು ಕೆಳಗಿಡಲು ಬಾರದಿರುವುದು ದೋಷ. ಶ್ರವಣಬೆಳಗೊಳದಲ್ಲಿ ಒಂದು ಸಾವಿರ ವರ್ಷಗಳಿಗೂ ಮಿಗಿಲಾಗಿ ನಿಂತಿರುವ ಆ ಮೂರ್ತಿ ಮಲ್ಲನೊಬ್ಬನದೇ ಹೌದು. ಆದರೆ ತೋಳುಗಳನ್ನು ಇಳಿಬಿಟ್ಟು ನಿಂತ ಮಲ್ಲನದು.

ಮುಂಡಗೋಡ, ಹಳಿಯಾಳ, ಯಲ್ಲಾಪುರ ಸೀಮೆಯ ಸಿದ್ದಿ ಸಮುದಾಯದ ಅನುಭವವು ಇದೇ ಪ್ರಶ್ನೆಯ ಇನ್ನೊಂದು ಮುಖವನ್ನು ತೆರೆದಿಡುತ್ತದೆ. ಆಫ್ರಿಕಾ ಮೂಲದ ಈ ಜನರ ಪೂರ್ವಜರು ಗೋವೆಯ ಪೋರ್ಚುಗೀಸರ ಕಾಲದಲ್ಲಿ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಕಾಡು ಸೇರಿದವರೆಂದು ಹೇಳುತ್ತಾರೆ. 1980ರ ದಶಕದ ಕೊನೆಯಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರವು ವಿಶೇಷ ಪ್ರದೇಶ ಕ್ರೀಡಾ ಯೋಜನೆಯಲ್ಲಿ ಸಿದ್ದಿ ಮಕ್ಕಳನ್ನು ಆರಿಸಿ, ಊರಿನಿಂದ ದೂರದ ಕೇಂದ್ರಗಳಲ್ಲಿಟ್ಟು ಓಟ ಮೊದಲಾದ ಆಟಗಳಲ್ಲಿ ಪಳಗಿಸಿತು. ಮಕ್ಕಳು ಪದಕಗಳನ್ನು ತಂದರು. ಆದರೆ 1993ರಲ್ಲಿ ಆ ಯೋಜನೆ ನಿಂತುಹೋಯಿತು. ಕೆಲವರಿಗೆ ಕ್ರೀಡೆಯ ಬಲದಿಂದಲೇ ಸರ್ಕಾರಿ ಉದ್ಯೋಗ ದೊರಕಿತು. ಹಲವರು ಬಿಟ್ಟುಹೋದ ಕೂಲಿಗೆ ಮರಳಿದರು. ಓಡುವುದನ್ನೇ ಬದುಕೆಂದು ನಂಬಿಸಿದ ಮೇಲೆ ಓಟದ ದಾರಿ ನಡುವೆ ಕಡಿದುಹೋಗಿತ್ತು. ಈಚಿನ ವರ್ಷಗಳಲ್ಲಿ ಮುಂಡಗೋಡದಲ್ಲಿ ಬ್ರಿಡ್ಜಸ್ ಆಫ್ ಸ್ಪೋರ್ಟ್ಸ್ ಎಂಬ ಸಂಸ್ಥೆ ಸಿದ್ದಿ ಹಾಗೂ ಇತರ ಮಕ್ಕಳಿಗೆ ಮತ್ತೆ ಓಟದ ತರಬೇತಿ ಕೊಡುತ್ತಿದೆಯೆಂಬುದು ಸಮಾಧಾನದ ಸಂಗತಿ.

ಈ ವೃತ್ತಾಂತದಲ್ಲಿ ಮಕ್ಕಳ ದೋಷವಿಲ್ಲ. ಒಂದು ಜನಾಂಗದ ದೇಹವನ್ನು ಪದಕದ ಸಾಧನವೆಂದು ಎಣಿಸಿ, ಆ ದೇಹದೊಳಗಿನ ಜೀವಕ್ಕೆ ಮುಂದೇನು ಎಂದು ಯೋಚಿಸದೆ ಹೋದದ್ದು ಹಿರಿಯರ ಪ್ರಮಾದ. ಪ್ರಮಾದದಿಂದ ಪ್ರಾಣಗಳಿಗೆ ಆಗುವ ನೋವೇ ಹಿಂಸೆಯೆಂದು ಉಮಾಸ್ವಾತಿಗಳು ತತ್ತ್ವಾರ್ಥಸೂತ್ರದಲ್ಲಿ ನಿರೂಪಿಸುತ್ತಾರೆ. ಕತ್ತಿಯೆತ್ತದೆಯೂ ಹಿಂಸೆ ನಡೆಯಬಲ್ಲುದು. ತಮ್ಮ ನೆರವೇರದ ಆಸೆಯನ್ನು ಮಗುವಿನ ಕಾಲುಗಳಿಗೆ ಕಟ್ಟಿ ಓಡಿಸುವ ತಂದೆತಾಯಿಗಳಿಗೂ ಈ ಮಾತು ಸಲ್ಲುತ್ತದೆ.

ದಾಂಡೇಲಿ ಮತ್ತು ಜೋಯಿಡಾಗಳಲ್ಲಿ ಒಲವು ವೃತ್ತಿಯಾಗುವ ಬಗೆ ಮತ್ತೊಂದು. ಸೂಪಾ ಅಣೆಕಟ್ಟಿನಿಂದ ಬಿಟ್ಟ ನೀರಿನ ರಭಸದಲ್ಲಿ ಗಣೇಶಗುಡಿಯ ಬಳಿ ಕಾಳಿ ನದಿಯ ಮೇಲೆ ರಾಫ್ಟಿಂಗ್ ನಡೆಯುತ್ತದೆ. ಈಜುವುದನ್ನು, ಕಾಡು ಅಲೆಯುವುದನ್ನು, ಹಕ್ಕಿ ನೋಡುವುದನ್ನು ಬಾಲ್ಯದಿಂದ ಪ್ರೀತಿಸಿದ ಎಷ್ಟೋ ತರುಣರು ಈಗ ಅದರಿಂದಲೇ ಜೀವನ ಸಾಗಿಸುತ್ತಾರೆ. ಮರ ಕಡಿಯುವ ಕೂಲಿಗಿಂತ ಮರ ತೋರಿಸುವ ಕೆಲಸ ಮೇಲೆಂಬುದರಲ್ಲಿ ಸಂದೇಹವಿಲ್ಲ. ಆದರೆ ಇಲ್ಲಿಯೂ ಗಡಿ ಸೂಕ್ಷ್ಮವಾದುದು. ದಾಂಡೇಲಿ ಮಂಗಟ್ಟೆ ಹಕ್ಕಿಗಳಿಗೆ ಪ್ರಸಿದ್ಧ. 2011ರಲ್ಲಿ ಅವುಗಳಿಗಾಗಿಯೇ ಒಂದು ಸಂರಕ್ಷಿತ ಪ್ರದೇಶ ಘೋಷಣೆಯಾಯಿತು. ಹೆಣ್ಣು ಮಂಗಟ್ಟೆ ಹಳೆಯ ಮರದ ಪೊಟರೆಯೊಳಗೆ ಸೇರಿ, ಕೊಕ್ಕು ಹಿಡಿಸುವಷ್ಟು ಸೀಳನ್ನು ಮಾತ್ರ ಬಿಟ್ಟು ಬಾಗಿಲನ್ನು ಮುಚ್ಚಿಕೊಳ್ಳುತ್ತದೆ. ವಾರಗಟ್ಟಲೆ ಗಂಡು ಹಕ್ಕಿ ತಂದುಕೊಡುವ ಹಣ್ಣೇ ತಾಯಿಮರಿಗಳಿಗೆ ಆಹಾರ. ಗೂಡಿನೆದುರು ಛಾಯಾಚಿತ್ರಗಾರರ ಗುಂಪು ಕಾದು ಕುಳಿತರೆ ಗಂಡು ಹಕ್ಕಿ ಬೆದರಿ ಸಮೀಪಕ್ಕೆ ಬರುವುದಿಲ್ಲ; ಒಳಗೆ ಮರಿ ಹಸಿಯುತ್ತದೆ. ಹಕ್ಕಿಯನ್ನು ಪ್ರೀತಿಸಿಯೇ ಈ ಕೆಲಸಕ್ಕೆ ಬಂದ ಮಾರ್ಗದರ್ಶಿಗೆ ಹಣ ಕೊಟ್ಟ ಅತಿಥಿ ಇನ್ನೂ ಹತ್ತಿರ ಹೋಗೋಣವೆಂದಾಗ ಬರುವ ಪರೀಕ್ಷೆಯೇ ಒಲವು ವೃತ್ತಿಯಾದವರೆಲ್ಲರ ಪರೀಕ್ಷೆ. ಆಗ ಹಿಂದೆ ಸರಿಯುವವನ ಒಲವು ಶುದ್ಧ. ಮುಂದೆ ಹೋಗುವವನ ಒಲವು ಸರಕಾಗಿದೆ.

ಗಾಲ್ಫ್ ಮೈದಾನಕ್ಕೂ ಇದೇ ಅಳತೆ. ಎಕರೆಗಟ್ಟಲೆ ಹುಲ್ಲನ್ನು ಸದಾ ಹಸಿರಾಗಿಡಲು ಎಷ್ಟು ನೀರು, ಎಷ್ಟು ಕೀಟನಾಶಕ ಬೇಕು ಎಂಬ ಪ್ರಶ್ನೆ ಜೀವದಯೆಯುಳ್ಳ ಆಟಗಾರನನ್ನು ಕಾಡಲೇಬೇಕು. ಏಕೇಂದ್ರಿಯ ಜೀವಗಳಿಂದ ಮೊದಲ್ಗೊಂಡು ಎಣಿಸುವ ಧರ್ಮದಲ್ಲಿ ಹುಟ್ಟಿದವರು ಅಂಗಳದ ಸೊಬಗನ್ನು ಮಾತ್ರ ನೋಡಿ ಸುಮ್ಮನಿರಲಾಗದು.

ಹಾಗಾದರೆ ದಾರಿ ಯಾವುದು? ಒಲವನ್ನು ಅದುಮುವುದಲ್ಲ, ಹರಿಯಬಿಡುವುದೂ ಅಲ್ಲ. ನಮ್ಮ ಆಚಾರ್ಯರು ಗೃಹಸ್ಥನಿಗೆ ಹೇಳಿದ ಉಪಾಯ ಒಂದೇ: ಮುಂಚಿತವಾಗಿ ಹಾಕಿಕೊಂಡ ಮಿತಿ. ವಸ್ತುವಿಗಿಂತ ವಸ್ತುವಿನ ಮೇಲಿನ ಮೂರ್ಛೆಯೇ ಪರಿಗ್ರಹವಾದರೆ, ಪದಕವೂ ಪ್ರಸಿದ್ಧಿಯೂ ಪರಿಗ್ರಹಗಳೇ. ಅವಕ್ಕೂ ಪರಿಮಾಣ ಬೇಕು. ಸಮಂತಭದ್ರರು ವ್ರತಗಳಲ್ಲಿ ಬಾಳಿನುದ್ದಕ್ಕೂ ಪಾಲಿಸುವುದನ್ನು ಯಮವೆಂದೂ, ಗೊತ್ತಾದ ಕಾಲದವರೆಗೆ ಪಾಲಿಸುವುದನ್ನು ನಿಯಮವೆಂದೂ ಬೇರ್ಪಡಿಸಿದ್ದಾರೆ. ಕ್ರೀಡಾವೃತ್ತಿಗೆ ಈ ಭೇದ ಎಷ್ಟು ಚೆನ್ನಾಗಿ ಒಪ್ಪುತ್ತದೆ! ಕುಸ್ತಿಪಟುವಿನ, ಓಟಗಾರನ ವೃತ್ತಿ ಬಾಳಿನುದ್ದದ್ದಲ್ಲ. ಮೂವತ್ತೈದರ ಆಸುಪಾಸಿಗೆ ಶರೀರವೇ ಸಾಕೆನ್ನುತ್ತದೆ. ಅದನ್ನು ಕಾಲಮಿತಿಯ ನಿಯಮದಂತೆ ಹಿಡಿದವನು ಬಿಡುವಾಗ ಒಡೆಯುವುದಿಲ್ಲ. ಯಮವೆಂದು ತಪ್ಪಾಗಿ ಹಿಡಿದವನು ಬಾಳಿನ ಉಳಿದ ಅರ್ಧವನ್ನು ಶೋಕದಲ್ಲಿ ಕಳೆಯುತ್ತಾನೆ. ಅನಿತ್ಯಾನುಪ್ರೇಕ್ಷೆಯನ್ನು ಕ್ರೀಡಾಪಟುವಿನಷ್ಟು ಬೇಗ, ತನ್ನ ಮೈಯಲ್ಲಿಯೇ ಕಲಿಯುವ ಅವಕಾಶ ಬೇರೆ ವೃತ್ತಿಯವರಿಗೆ ಇಲ್ಲ.

ಮಿತಿ ಹಾಕಿಕೊಂಡವನು ಅರೆಮನಸ್ಸಿನವನಾಗುತ್ತಾನೆ, ಅರೆಮನಸ್ಸಿನವನು ಗೆಲ್ಲಲಾರನು ಎಂಬ ಆಕ್ಷೇಪ ಏಳಬಹುದು. ಆಕ್ಷೇಪದಲ್ಲಿ ಹುರುಳಿದೆ. ಆದರೆ ಇಲ್ಲಿ ಮಿತಿಯು ಶ್ರಮಕ್ಕಲ್ಲ, ಸಾಧನಗಳಿಗೆ ಮತ್ತು ಫಲದ ಮೇಲಿನ ಮೋಹಕ್ಕೆ. ವಯಸ್ಸಿನ ಸುಳ್ಳು ದಾಖಲೆ ತಂದು ಕಿರಿಯರೊಡನೆ ಆಡುವುದು, ಮದ್ದು ಸೇವಿಸಿ ಬಲ ಹೆಚ್ಚಿಸಿಕೊಳ್ಳುವುದು ಮಾಯಾಕಷಾಯ. ಪಂದ್ಯದ ಮೇಲೆ ಪಣ ಕಟ್ಟುವುದು ಸಪ್ತವ್ಯಸನಗಳಲ್ಲಿ ಮೊದಲನೆಯದಾದ ದ್ಯೂತ. 2025ರಲ್ಲಿ ಕೇಂದ್ರ ಸರ್ಕಾರವು ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ಕಾನೂನಿನಿಂದ ನಿಷೇಧಿಸಿತು. ಶ್ರಾವಕನಿಗೆ ಆ ನಿಷೇಧವು ಶತಮಾನಗಳಿಂದ ಇದ್ದೇ ಇದೆ. ಮದ್ಯ, ಗುಟ್ಕಾಗಳ ಜಾಹೀರಾತಿಗೆ ಮುಖ ಕೊಡೆನೆಂಬ ನಿಶ್ಚಯವನ್ನು ಹೆಸರು ಬರುವ ಮೊದಲೇ ಮಾಡಬೇಕು. ಹೆಸರು ಬಂದ ಮೇಲೆ ಮಾಡುವ ನಿಶ್ಚಯಕ್ಕೆ ಬೆಲೆಯ ಆಮಿಷ ಎದುರು ನಿಂತಿರುತ್ತದೆ.

ಆಹಾರದ ಪ್ರಶ್ನೆ ಜೈನ ಕುಟುಂಬಗಳಿಗೆ ಎಲ್ಲಕ್ಕಿಂತ ಹತ್ತಿರದ್ದು. ಕ್ರೀಡಾ ವಸತಿ ನಿಲಯಕ್ಕೆ ಹೋದ ಹುಡುಗನಿಗೆ ಮೊಟ್ಟೆ, ಮಾಂಸವಿಲ್ಲದೆ ಬಲ ಬಾರದೆಂಬ ಮಾತು ಮೊದಲ ವಾರವೇ ಕೇಳಿಬರುತ್ತದೆ. ಹಾಲು, ತುಪ್ಪ, ಬಾದಾಮಿ, ಬೇಳೆಕಾಳುಗಳಿಂದಲೇ ಮೈ ಕಟ್ಟಿದ ಪೈಲ್ವಾನರ ಪರಂಪರೆ ಈ ದೇಶದಲ್ಲಿ ಹಳೆಯದು. ಆದರೆ ಆ ಮಾತನ್ನು ಹೇಳಿದರೆ ಸಾಲದು, ಆ ಆಹಾರವನ್ನು ಒದಗಿಸಬೇಕು. ಸಂಜೆಯ ಅಭ್ಯಾಸ ಮುಗಿಯುವಾಗ ಸೂರ್ಯ ಮುಳುಗಿರುತ್ತಾನೆ. ರಾತ್ರಿಭೋಜನ ತ್ಯಾಗವನ್ನು ಬಯಸುವ ಹುಡುಗ ಹಸಿದು ಮಲಗಬೇಕೇ? ಅಭ್ಯಾಸಕ್ಕೆ ಮೊದಲೇ ಊಟ ಸಿಗುವ ಏರ್ಪಾಡನ್ನು ಹಿರಿಯರು ತರಬೇತುದಾರರೊಡನೆ ವಿನಯದಿಂದ ಮಾತನಾಡಿ ಮಾಡಿಸಬಹುದು. ವ್ರತವನ್ನು ಮಗುವಿನ ಹೆಗಲಿಗೆ ಹೊರಿಸಿ, ಅದನ್ನು ಪಾಲಿಸುವ ಅನುಕೂಲವನ್ನು ಮಾಡಿಕೊಡದಿರುವುದು ನ್ಯಾಯವಲ್ಲ.

ಇಲ್ಲಿ ಬಸದಿಗಳ ಆಡಳಿತ ಮಂಡಳಿಗಳಿಗೂ ಒಂದು ಕರ್ತವ್ಯವಿದೆ. ವಿದ್ಯಾರ್ಥಿವೇತನಗಳು ಹೆಚ್ಚಾಗಿ ಅಂಕಪಟ್ಟಿಯನ್ನು ನೋಡಿಯೇ ಸಲ್ಲುತ್ತವೆ. ಆಟದಲ್ಲಿ ನಿಜವಾದ ಸಾಮರ್ಥ್ಯವುಳ್ಳ ಬಾಲಕ ಬಾಲಕಿಯರಿಗೂ ಒಂದು ಪಾಲನ್ನು ತೆಗೆದಿಡುವುದು ಯೋಗ್ಯ. ಆದರೆ ಆ ನೆರವು ಶಾಲೆಯ ಓದಿನೊಡನೆ ಸೇರಿರಬೇಕು. ಗಾಯವಾದ ವರ್ಷ, ಸೋತ ವರ್ಷ ನಿಲ್ಲದಿರಬೇಕು. ಗೆದ್ದಾಗ ಹಾರ ಹಾಕಿ, ಬಿದ್ದಾಗ ಮರೆಯುವ ನೆರವು ದಾನವಲ್ಲ, ಹೂಡಿಕೆ. 1993ರಲ್ಲಿ ಸಿದ್ದಿ ಮಕ್ಕಳಿಗಾದದ್ದು ಮತ್ತಾವ ಮಗುವಿಗೂ ಆಗಬಾರದೆಂಬ ಎಚ್ಚರ ಈ ಸೀಮೆಯ ಎಲ್ಲ ಸಂಸ್ಥೆಗಳಿಗೆ ಇರಬೇಕು. ಆ ನೆರವು ಜೈನ ಮಕ್ಕಳಿಗೆ ಮಾತ್ರ ಸೀಮಿತವಾಗದೆ, ಅದೇ ಕೆಮ್ಮಣ್ಣಿನಲ್ಲಿ ಜೊತೆಗೆ ಆಡಿದ ಬಡ ಗೆಳೆಯನಿಗೂ ತಲುಪಿದರೆ ದಾನಧರ್ಮಕ್ಕೆ ಶೋಭೆ.

ಮಕ್ಕಳ ಪ್ರಶ್ನೆಗೆ ಈಗ ಉತ್ತರ ಹೇಳಬಹುದು. ಆಟದಿಂದ ಬದುಕಬಹುದು. ಅಕ್ಕಿಯ ವ್ಯಾಪಾರದಷ್ಟೇ, ಪಾಠ ಹೇಳುವುದರಷ್ಟೇ ಅದೂ ಶ್ರಾವಕನಿಗೆ ಸಲ್ಲುವ ವೃತ್ತಿಯಾಗಬಲ್ಲುದು. ಆದರೆ ಇಷ್ಟವೆಂಬ ಒಂದೇ ಕಾರಣಕ್ಕೆ ಅದು ಪವಿತ್ರವಾಗುವುದಿಲ್ಲ. ಯಾರೂ ಕಾಣದ ತಪ್ಪನ್ನು ತಾನೇ ಹೇಳಬಲ್ಲವನಿಗೆ, ಗೂಡಿನ ಹಕ್ಕಿಗಾಗಿ ಹಣ ಕೊಟ್ಟವನನ್ನು ತಡೆಯಬಲ್ಲವನಿಗೆ, ಎತ್ತಿ ಹಿಡಿದ ಎದುರಾಳಿಯನ್ನು ಮೆಲ್ಲನೆ ಕೆಳಗಿಡಬಲ್ಲವನಿಗೆ ಆ ವೃತ್ತಿಯೇ ಸಾಧನೆ. ಅದು ಸಾಧ್ಯವಾಗದವನಿಗೆ ಅಂಗಡಿಯೂ ಬಂಧನ, ಅಖಾಡವೂ ಬಂಧನ.